ಹನ್ನೆರಡು ಸೆಕೆಂಡಿನಲ್ಲಿ ಎಷ್ಟು ಬೆಳಕು ಹಿಡಿಯಬಹುದು?

ಪ್ರಶ್ನೆ: ನನ್ನ ಹತ್ತಿರ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ, ಅಂದರೆ ಚಿಕ್ಕ ಸೆನ್ಸರ್‌ನ, ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆ ಬಂದ 18-55 ಕಿಟ್ ಲೆನ್ಸ್, ಒಂದು ಹಗುರವಾದ ಟ್ರೈಪಾಡ್ ಇವೆ. ಬೆಟ್ಟ, ಕೆರೆ, ಕಾಡು ಎಂದು ಹಗಲಿನಲ್ಲಿ ಫೋಟೊ ತೆಗೆಯುತ್ತೇನೆ. ಮೊನ್ನೆ ಮೊದಲ ಸಲ ಆಕಾಶಗಂಗೆ ತೆಗೆಯಲು ಹೋದೆ. 18 ಮಿ.ಮೀ., ಎಫ್ 3.5, 30 ಸೆಕೆಂಡು, ಐಎಸ್‌ಒ 3200. ಫೋಟೊ ಕಾಳು ಕಾಳಾಗಿ ಬಂತು, ನಕ್ಷತ್ರಗಳು ಚುಕ್ಕಿಯಾಗಿರದೆ ಸಣ್ಣ ಗೆರೆಗಳಾಗಿವೆ. ದೊಡ್ಡ ಸೆನ್ಸರ್‌ನ ಫುಲ್‌ಫ್ರೇಮ್ ಕ್ಯಾಮೆರಾ ಇಲ್ಲದೆ ಇದೆಲ್ಲ ಆಗದ ಮಾತು ಎಂದು ಗೆಳೆಯರು ಹೇಳುತ್ತಾರೆ. ಒಂದೇ ಸೆಟ್‌ನಲ್ಲಿ ಹಗಲಿನ ಲ್ಯಾಂಡ್‌ಸ್ಕೇಪ್, ರಾತ್ರಿಯ ಆಕಾಶ ಎರಡೂ ಆಗಬೇಕು. ಎಲ್ಲ ಒಟ್ಟಿಗೆ ಕೊಳ್ಳುವಷ್ಟು ದುಡ್ಡಿಲ್ಲ. ಮೊದಲು ಯಾವುದು? ಬಾಡಿಯೋ, ಲೆನ್ಸೋ, ಟ್ರೈಪಾಡೋ, ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರೋ?

ಉತ್ತರ: ಬಾಡಿ ಸದ್ಯಕ್ಕೆ ಬೇಡ. ಲೆನ್ಸ್ ತೆಗೆದುಕೊಳ್ಳಿ, ಅದರ ಜೊತೆಗೇ ಟ್ರೈಪಾಡ್. ಆದರೆ ಅದಕ್ಕೂ ಮುಂಚೆ ಒಂದು ಪೈಸೆ ಖರ್ಚಿಲ್ಲದೆ ಮಾಡಿ ನೋಡಬೇಕಾದ ಕೆಲಸ ಒಂದಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಫೋಟೊದಲ್ಲಿ ಆಗಿದ್ದೇನು ಎಂದು ನೋಡೋಣ, ಏಕೆಂದರೆ ಯಾವ ಸಾಮಾನು ಬೇಕು ಎನ್ನುವುದು ಅದರಲ್ಲೇ ಇದೆ.

ಭೂಮಿ ಗಂಟೆಗೆ ಸುಮಾರು 15 ಡಿಗ್ರಿ ತಿರುಗುತ್ತದೆ. ನೀವು ಶಟರ್ ತೆರೆದಿಟ್ಟ 30 ಸೆಕೆಂಡಿನಲ್ಲಿ ಆಕಾಶ ಒಂದು ಡಿಗ್ರಿಯ ಎಂಟನೇ ಒಂದು ಭಾಗ ಸರಿದಿದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ 18 ಮಿ.ಮೀ. ಲೆನ್ಸ್ ಅದನ್ನು ಸೆನ್ಸರ್ ಮೇಲೆ ಸುಮಾರು 39 ಮೈಕ್ರಾನ್ ಉದ್ದಕ್ಕೆ ಎಳೆಯುತ್ತದೆ. ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 3.9 ಮೈಕ್ರಾನ್. ಅಂದರೆ ಒಂದೊಂದು ನಕ್ಷತ್ರವೂ ಹತ್ತು ಪಿಕ್ಸೆಲ್ ಉದ್ದದ ಗೆರೆ. ಧ್ರುವ ನಕ್ಷತ್ರದ ಸುತ್ತಮುತ್ತ ಇದು ಕಡಿಮೆ, ಅದರಿಂದ ದೂರ ಹೋದಷ್ಟೂ ಜಾಸ್ತಿ. ಕ್ಯಾಮೆರಾದ ತಪ್ಪೂ ಅಲ್ಲ, ಲೆನ್ಸ್‌ನ ತಪ್ಪೂ ಅಲ್ಲ, ಸಮಯ ಜಾಸ್ತಿಯಾಯಿತು ಅಷ್ಟೆ.

ಹಾಗಾದರೆ ಎಷ್ಟು ಹೊತ್ತು ಬಿಡಬಹುದು? 500 ಅನ್ನು ಫೋಕಲ್ ಲೆಂತ್‌ನಿಂದ, ಅಂದರೆ ಲೆನ್ಸ್‌ನ 18 ಮಿ.ಮೀ. ಥರದ ಅಳತೆಯಿಂದ, ಭಾಗಿಸಿ ಎನ್ನುವ ಹಳೆಯ ನಿಯಮ ಕೇಳಿರಬಹುದು. ಅದನ್ನು ಮರೆತುಬಿಡಿ, ಈಗಿನ ಸಣ್ಣ ಪಿಕ್ಸೆಲ್‌ಗಳಿಗೆ ಅದು ತೀರಾ ಉದಾರ. ಎನ್‌ಪಿಎಫ್ ಎನ್ನುವ ಸೂತ್ರ ಇನ್ನೂ ಸರಿಯಾಗಿದೆ: ಅಪರ್ಚರ್ ಸಂಖ್ಯೆಯನ್ನು (ಎಫ್ ಪಕ್ಕದ ಅಂಕಿ, ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದಿರುತ್ತದೆ) 35ರಿಂದ ಗುಣಿಸಿ, ಮೈಕ್ರಾನ್‌ನಲ್ಲಿ ಪಿಕ್ಸೆಲ್ ಅಳತೆಯನ್ನು 30ರಿಂದ ಗುಣಿಸಿ, ಎರಡನ್ನೂ ಕೂಡಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿ. ನಿಮ್ಮ ಸೆಟ್‌ಗೆ 13 ಸೆಕೆಂಡು ಬರುತ್ತದೆ. ಫುಲ್‌ಫ್ರೇಮ್ 24 ಮೆಗಾಪಿಕ್ಸೆಲ್ ಬಾಡಿಗೆ 20 ಮಿ.ಮೀ. ಎಫ್ 1.8 ಹಾಕಿದರೆ 12 ಸೆಕೆಂಡು. ಅಲ್ಲೊಂದು ಇಲ್ಲೊಂದು ಸೆಕೆಂಡು ಬಿಟ್ಟರೆ ಅಗಲದ ಲೆನ್ಸ್‌ಗಳ ಕಥೆಯೆಲ್ಲ ಇಷ್ಟರಲ್ಲೇ ಮುಗಿಯುತ್ತದೆ. ಎಷ್ಟೇ ದುಬಾರಿ ಕ್ಯಾಮೆರಾ ಇರಲಿ, ಅಲುಗದ ಟ್ರೈಪಾಡ್ ಮೇಲೆ ನಿಮಗೆ ಸಿಗುವುದು ಹತ್ತು ಹನ್ನೆರಡು ಸೆಕೆಂಡು. ಆ ಹೊತ್ತಿನಲ್ಲಿ ಎಷ್ಟು ಬೆಳಕು ಒಳಗೆ ಬರುತ್ತದೆ ಎನ್ನುವುದೊಂದೇ ಪ್ರಶ್ನೆ.

ಈಗ ನಿಮ್ಮ ಗೆಳೆಯರ ಮಾತನ್ನು ಲೆಕ್ಕಕ್ಕೆ ಹಚ್ಚೋಣ. ಫುಲ್‌ಫ್ರೇಮ್ ಸೆನ್ಸರ್ 36 ಮಿ.ಮೀ.ಗೆ 24 ಮಿ.ಮೀ., ನಿಮ್ಮದು ಸುಮಾರು 23.5ಕ್ಕೆ 15.6. ವಿಸ್ತೀರ್ಣದಲ್ಲಿ ಅದು ಎರಡೂಕಾಲು ಪಟ್ಟಿಗಿಂತ ಸ್ವಲ್ಪ ದೊಡ್ಡದು. ಸರಿ, ಹೊಸ ಫುಲ್‌ಫ್ರೇಮ್ ಬಾಡಿ ತೆಗೆದುಕೊಂಡಿರಿ, ದುಡ್ಡೆಲ್ಲ ಅಲ್ಲೇ ಖಾಲಿಯಾಯಿತು, ಜೊತೆಗೆ ಬಂದ 24-70 ಎಫ್ 4 ಲೆನ್ಸ್‌ನಲ್ಲೇ ಆಕಾಶ ತೆಗೆಯುತ್ತೀರಿ. ಎಫ್ 4 ಎಂದರೆ ಎಫ್ 3.5ಗಿಂತ ಇನ್ನೂ ಕತ್ತಲು. ಎಲ್ಲ ಕಳೆದು ಕೂಡಿಸಿದರೆ ಈಗ ಬರುತ್ತಿರುವ ಬೆಳಕಿನ 1.8 ಪಟ್ಟು ಸಿಗುತ್ತದೆ. ಅದೇ ನಿಮ್ಮ ಹಳೆಯ ಬಾಡಿಗೆ 16 ಮಿ.ಮೀ. ಎಫ್ 1.4 ಲೆನ್ಸ್ ಒಂದನ್ನು ಹಾಕಿದರೆ? ಸಮಯ 10 ಸೆಕೆಂಡಿಗೆ ಇಳಿಯುತ್ತದೆ, ಆದರೂ ಒಟ್ಟು ಬೆಳಕು ಹತ್ತಿರ ಹತ್ತಿರ ಐದು ಪಟ್ಟು! ಬಾಡಿ, ಲೆನ್ಸ್ ಎರಡನ್ನೂ ಬದಲಾಯಿಸಿ ಫುಲ್‌ಫ್ರೇಮ್ ಜೊತೆ 20 ಮಿ.ಮೀ. ಎಫ್ 1.8 ಇಟ್ಟುಕೊಂಡರೆ ಎಂಟು ಪಟ್ಟು. ಗೆಳೆಯರು ಸುಳ್ಳು ಹೇಳಿಲ್ಲ, ಆದರೆ ಸಾಲಿನಲ್ಲಿ ಎರಡನೆಯದನ್ನು ಮೊದಲು ನಿಲ್ಲಿಸಿದ್ದಾರೆ.

ಇನ್ನೊಂದು ರೀತಿ ಹೇಳುತ್ತೇನೆ. ಲೆನ್ಸ್ ಒಳಗೆ ಬೆಳಕು ನುಗ್ಗುವ ಬಾಗಿಲಿನ ಅಗಲ ಬೇಕಿದ್ದರೆ ಫೋಕಲ್ ಲೆಂತ್ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಬೇಕು. ನಿಮ್ಮ ಕಿಟ್ ಲೆನ್ಸ್‌ಗೆ 18 ಭಾಗಿಸು 3.5, ಅಂದರೆ ಬರೀ 5 ಮಿ.ಮೀ. ಕತ್ತಲಿಗೆ ಹೊಂದಿಕೊಂಡ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ತೆರೆದುಕೊಳ್ಳುತ್ತದೆ. ಕಣ್ಣಿಗಿಂತ ಚಿಕ್ಕ ಬಾಗಿಲಿಟ್ಟುಕೊಂಡು ಆಕಾಶಗಂಗೆ ಹಿಡಿಯಲು ಹೊರಟಿದ್ದಿರಿ. 16 ಮಿ.ಮೀ. ಎಫ್ 1.4ರ ಬಾಗಿಲು 11 ಮಿ.ಮೀ. ದಾಟುತ್ತದೆ.

ಐಎಸ್‌ಒ ಬಗ್ಗೆ ಒಂದೇ ಮಾತು. ಅದು ಬೆಳಕು ತರುವುದಿಲ್ಲ, ಬಂದ ಬೆಳಕನ್ನು ದೊಡ್ಡದು ಮಾಡಿ ತೋರಿಸುತ್ತದೆ. ನಿಮ್ಮ ಫೋಟೊದಲ್ಲಿ ಕಂಡ ಕಾಳುಗಳು ಐಎಸ್‌ಒ 3200 ಮಾಡಿದ ಪಾಪವಲ್ಲ, ಬೆಳಕು ಸಾಲದ್ದರ ಗುರುತು. 1600ಕ್ಕೆ ಇಳಿಸಿ ಆಮೇಲೆ ಕಂಪ್ಯೂಟರ್‌ನಲ್ಲಿ ಎತ್ತಿದರೂ ಹೆಚ್ಚುಕಡಿಮೆ ಅಷ್ಟೇ ಕಾಳು. ರಾ ಫೈಲ್‌ನಲ್ಲಿ, ಅಂದರೆ ಸೆನ್ಸರ್ ಕೊಟ್ಟದ್ದನ್ನು ಹಾಗೇ ಉಳಿಸುವ ಫೈಲ್‌ನಲ್ಲಿ, ತೆಗೆಯುತ್ತಿದ್ದೀರಿ ತಾನೇ? ಇಲ್ಲದಿದ್ದರೆ ಇವತ್ತೇ ಬದಲಾಯಿಸಿ.

ಇನ್ನು ಆ ಖರ್ಚಿಲ್ಲದ ಕೆಲಸ. ಮುಂದಿನ ಸಲ 30 ಸೆಕೆಂಡಿನ ಒಂದು ಫ್ರೇಮ್ ಬೇಡ. 13 ಸೆಕೆಂಡಿನವು ಹದಿನಾರು, ಒಂದರ ಹಿಂದೆ ಒಂದು, ಟ್ರೈಪಾಡ್ ಕದಲಿಸದೆ. ಮನೆಗೆ ಬಂದು ಅವುಗಳನ್ನು ಸ್ಟ್ಯಾಕ್ ಮಾಡಿ. ವಿಂಡೋಸ್‌ಗೆ ಸೀಕ್ವೇಟರ್ ಎನ್ನುವ ಉಚಿತ ತಂತ್ರಾಂಶ ಇದೆ, ಮ್ಯಾಕ್‌ನವರು ಸ್ಟಾರಿ ಲ್ಯಾಂಡ್‌ಸ್ಕೇಪ್ ಸ್ಟ್ಯಾಕರ್ ಬಳಸುತ್ತಾರೆ. ಆಕಾಶ ಯಾವುದು, ನೆಲ ಯಾವುದು ಎಂದು ನೀವು ಗುರುತು ಮಾಡಿ ಕೊಟ್ಟರೆ ಅವು ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ, ನೆಲವನ್ನು ಇದ್ದಲ್ಲೇ ಬಿಟ್ಟು, ಎಲ್ಲದರ ಸರಾಸರಿ ತೆಗೆಯುತ್ತವೆ. ನಾಯ್ಸ್ (ಆ ಕಾಳು) ಕಡಿಮೆಯಾಗುವುದು ಫ್ರೇಮ್‌ಗಳ ವರ್ಗಮೂಲದ ಲೆಕ್ಕದಲ್ಲಿ. ಹದಿನಾರು ಫ್ರೇಮ್‌ಗೆ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನೊಮ್ಮೆ ಮಾಡಿ ನೋಡದೆ ದುಡ್ಡು ಬಿಚ್ಚಬೇಡಿ. ಬಂದ ಫೋಟೊ ನೋಡಿ ಇಷ್ಟು ಸಾಕು ಅನ್ನಿಸಿಬಿಟ್ಟರೆ ಲೆನ್ಸ್ ಕೂಡ ಬೇಡ, ಟ್ರೈಪಾಡ್ ಒಂದೇ ಸಾಕು. ಹಾಗೆ ಅನ್ನಿಸುವುದು ಕಡಿಮೆ, ಆದರೆ ಅನ್ನಿಸಿದವರನ್ನು ನೋಡಿದ್ದೇನೆ.

ಲೆನ್ಸ್‌ಗೆ ಬರೋಣ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಎಫ್ ಸಂಖ್ಯೆ ಚಿಕ್ಕದಿದ್ದ ಮಾತ್ರಕ್ಕೆ ಎಲ್ಲ ಲೆನ್ಸೂ ಆಕಾಶಕ್ಕೆ ಒಗ್ಗುವುದಿಲ್ಲ. ಹಗಲಲ್ಲಿ ಎಲೆ, ಕಲ್ಲು, ಮುಖ ತೆಗೆಯುವಾಗ ಮೂಲೆಯ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಕರಿ ಆಕಾಶದ ಮೇಲೆ ಬಿಳಿ ಚುಕ್ಕಿ ಇಟ್ಟರೆ ಲೆನ್ಸ್‌ನ ಜಾತಕವೆಲ್ಲ ಬಯಲು. ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಬಂದು ಹಾರುವ ಹಕ್ಕಿಗಳ ಹಾಗೆ ಕಾಣುತ್ತವೆ, ಇದನ್ನು ಕೋಮಾ ಎನ್ನುತ್ತಾರೆ, ಇದರ ಜೊತೆ ಚುಕ್ಕಿಯನ್ನು ಗೆರೆಯಾಗಿ ಎಳೆಯುವ ಅಸ್ಟಿಗ್ಮ್ಯಾಟಿಸಮ್ಮೂ ಸೇರಿಕೊಂಡಿರುತ್ತದೆ. ಎಫ್ 1.4 ಲೆನ್ಸ್ ಕೊಂಡು ಕೋಮಾ ತಡೆಯಲಾರದೆ ಎಫ್ 2.8ಕ್ಕೆ ಇಳಿಸಿ ಬಳಸುವುದಾದರೆ ಆ ಎಫ್ 1.4ಕ್ಕೆ ಕೊಟ್ಟ ದುಡ್ಡು ಸುಮ್ನೆ ದಂಡ. ಹಾಗಾಗಿ ಕೊಳ್ಳುವ ಮುಂಚೆ ಆ ಲೆನ್ಸ್‌ನಲ್ಲಿ ಯಾರಾದರೂ ಪೂರ್ತಿ ತೆರೆದು ತೆಗೆದ ನಕ್ಷತ್ರದ ಫೋಟೊ ಹುಡುಕಿ, ಮೂಲೆಯನ್ನು ದೊಡ್ಡದು ಮಾಡಿ ನೋಡಿ. ಮಧ್ಯಭಾಗ ನೋಡಬೇಡಿ, ಮಧ್ಯದಲ್ಲಿ ಎಲ್ಲ ಲೆನ್ಸೂ ಸಾಧು.

ಆಟೊಫೋಕಸ್ ನಿಮಗೆ ಇಲ್ಲಿ ಬೇಕಾಗಿಯೇ ಇಲ್ಲ. ಇದರಿಂದ ದುಡ್ಡು ಉಳಿಯುತ್ತದೆ. ಪೂರ್ತಿ ಕೈಯಿಂದಲೇ ತಿರುಗಿಸುವ ಸಾಮ್ಯಾಂಗ್ 12 ಮಿ.ಮೀ. ಎಫ್ 2 ಎಪಿಎಸ್-ಸಿ ಮಿರರ್‌ಲೆಸ್‌ಗೆಂದೇ ಮಾಡಿದ್ದು, ಬಹಳ ಜನ ಅದರಿಂದಲೇ ಆಕಾಶದ ಕೆಲಸ ಶುರು ಮಾಡಿದ್ದಾರೆ. ಸಿಗ್ಮಾ 16 ಮಿ.ಮೀ. ಎಫ್ 1.4 ಇನ್ನೊಂದು, 2017ರಲ್ಲಿ ಬಂದದ್ದು, ಇದರಲ್ಲಿ ಆಟೊಫೋಕಸ್ ಇದೆ. ಎರಡರಲ್ಲಿ ಯಾವುದು ಎಂದು ಕೇಳಿದರೆ ನಾನು 16ನ್ನು ಹೇಳುತ್ತೇನೆ. 12 ಹೆಚ್ಚು ಅಗಲ ಹಿಡಿಯುತ್ತದೆ ನಿಜ, ಆದರೆ ತೀರಾ ಅಗಲದ ಲೆನ್ಸ್‌ನಲ್ಲಿ ದೂರದ ಬೆಟ್ಟ ಇರುವೆ ಗೂಡಿನಷ್ಟಾಗಿ, ಎದುರಿಗೆ ಏನಾದರೂ ಹತ್ತಿರದ್ದು ಇಲ್ಲದಿದ್ದರೆ ಫೋಟೊ ಖಾಲಿ ಖಾಲಿ ಅನ್ನಿಸುತ್ತದೆ. ಇದು ನನ್ನ ರುಚಿ, ಒಪ್ಪಲೇಬೇಕೆಂದಿಲ್ಲ. ಯಾವುದೇ ಆದರೂ ನಿಮ್ಮ ಕ್ಯಾಮೆರಾ ಮೌಂಟ್‌ಗೆ (ಲೆನ್ಸ್ ಕೂರುವ ಜಾಗಕ್ಕೆ) ಸಿಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಈಗಿನ ಎಷ್ಟೋ ಮಿರರ್‌ಲೆಸ್ ಲೆನ್ಸ್‌ಗಳಲ್ಲಿ ಫೋಕಸ್ ರಿಂಗ್ ಗಾಜಿಗೆ ನೇರವಾಗಿ ಸೇರಿಕೊಂಡಿರುವುದಿಲ್ಲ, ಒಳಗಿನ ಮೋಟರ್‌ಗೆ ಸೂಚನೆ ಕೊಡುತ್ತದೆ ಅಷ್ಟೆ. ಕಷ್ಟಪಟ್ಟು ಫೋಕಸ್ ಮಾಡಿರುತ್ತೀರಿ, ಬ್ಯಾಟರಿ ಉಳಿಸೋಣ ಎಂದು ಕ್ಯಾಮೆರಾ ಆಫ್ ಮಾಡುತ್ತೀರಿ, ಮತ್ತೆ ಆನ್ ಮಾಡಿದರೆ ಕೆಲವು ಸೆಟ್‌ಗಳಲ್ಲಿ ಫೋಕಸ್ ಎಲ್ಲೋ ಹೋಗಿರುತ್ತದೆ. ಈ ಪಾಡು ನೋಡಿಯೇ ಇರಬೇಕು, ಸಿಗ್ಮಾ 2023ರಲ್ಲಿ ತಂದ 14 ಮಿ.ಮೀ. ಎಫ್ 1.4ರಲ್ಲಿ ಫೋಕಸ್ ಕದಲದಂತೆ ಬೀಗ ಹಾಕುವ ಸ್ವಿಚ್ಚನ್ನೇ ಇಟ್ಟಿದ್ದಾರೆ. ನಮ್ಮ ನಿಮ್ಮಂಥವರು ಪ್ರತಿ ಸಲ ಆನ್ ಮಾಡಿದಾಗಲೂ ಒಂದು ಹೊಳೆಯುವ ನಕ್ಷತ್ರವನ್ನು ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾ ಪರದೆಯಲ್ಲಿ, ಪೂರ್ತಿ ದೊಡ್ಡದು ಮಾಡಿ, ಅತಿ ಚಿಕ್ಕ ಚುಕ್ಕಿಯಾಗುವವರೆಗೆ ತಿರುಗಿಸಿ ನೋಡಿಕೊಳ್ಳುವುದು. ಲೆನ್ಸ್ ಮೇಲಿನ ಅನಂತದ ಗುರುತನ್ನು ನಂಬಿ ಕೂರಬೇಡಿ.

ಹಗಲಿನ ಲ್ಯಾಂಡ್‌ಸ್ಕೇಪ್‌ಗೆ ಏನು ಕೊಳ್ಳಬೇಕು? ಏನೂ ಬೇಡ. ಹಗಲು ಕೇಳುವುದು ಇದರ ಉಲ್ಟಾ: ಎಫ್ 8ರಿಂದ 11, ಐಎಸ್‌ಒ 100, ಬೇಕಾದ ಹಾಗೆ ಹಿಂದೆಮುಂದೆ ಹೋಗುವ ಜೂಮ್. ಎಫ್ 8ರಲ್ಲಿ ನಿಮ್ಮ ಕಿಟ್ ಲೆನ್ಸ್ ನೀವು ಅಂದುಕೊಂಡಿರುವುದಕ್ಕಿಂತ ಬಹಳ ಚೆನ್ನಾಗಿದೆ. ಒಂದೇ ಲೆನ್ಸ್‌ನಲ್ಲಿ ಎರಡೂ ಆಗಬೇಕು ಎಂದು ಹಠ ಹಿಡಿದವರು ಸಾಮಾನ್ಯವಾಗಿ ಎಫ್ 2.8ರ ಭಾರವಾದ ಅಗಲ ಜೂಮ್ ಒಂದನ್ನು ಹೊರುತ್ತಾರೆ. ಹಗಲಿಗೆ ಅದರ ಎಫ್ 2.8 ಬೇಕಿಲ್ಲ, ರಾತ್ರಿಗೆ ಎಫ್ 2.8 ಸಾಲದು. ಎಫ್ 1.4ರ ಕಾಲು ಭಾಗ ಬೆಳಕು ಅಷ್ಟೆ. ಜೊತೆಗೆ ಅಂಥ ಎಷ್ಟೋ ಲೆನ್ಸ್‌ಗಳ ಮುಂದಿನ ಗಾಜು ಗುಂಡಾಗಿ ಉಬ್ಬಿಕೊಂಡಿರುವುದರಿಂದ ಮಾಮೂಲಿ ತಿರುಪಿನ ಫಿಲ್ಟರ್ ಕೂರುವುದಿಲ್ಲ.

ಫಿಲ್ಟರ್ ಮಾತು ಬಂತು. ಹರಿಯುವ ನೀರನ್ನು ಹಾಲಿನ ಹಾಗೆ ಮಾಡಲು ಬೆಳಕು ತಗ್ಗಿಸುವ ಎನ್‌ಡಿ, ಎಲೆ ಮತ್ತು ಒದ್ದೆ ಬಂಡೆಯ ಮಿಂಚು ತೆಗೆಯಲು ಪೋಲರೈಸರ್, ಇವೆರಡು ಸಾಕು. ಪೋಲರೈಸರ್ ಅನ್ನು ಅಗಲದ ಲೆನ್ಸ್‌ನಲ್ಲಿ ನೀಲಿ ಆಕಾಶಕ್ಕೆ ಹಾಕಬೇಡಿ. ಅದರ ಪರಿಣಾಮ ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅತಿ ಹೆಚ್ಚು, ಹಾಗಾಗಿ ಆಕಾಶದ ನಡುವೆ ಕಪ್ಪು ಪಟ್ಟೆ ಬಂದು ಕೂರುತ್ತದೆ. ರಾತ್ರಿ ಹಾಕುವ ಬೆಳಕು ಮಾಲಿನ್ಯದ ಫಿಲ್ಟರ್ ಹಳದಿ ಸೋಡಿಯಂ ದೀಪಗಳ ಕಾಲಕ್ಕೆ ಸರಿ, ಆ ದೀಪದ ಬೆಳಕು ಕೆಲವೇ ಬಣ್ಣಗಳಲ್ಲಿರುತ್ತಿತ್ತು. ಬಿಳಿ ಎಲ್‌ಇಡಿ ಎಲ್ಲ ಬಣ್ಣದಲ್ಲೂ ಹರಡಿಕೊಂಡಿದೆ, ಅದನ್ನು ಸೋಸಲು ಹೋದರೆ ನಕ್ಷತ್ರದ ಬೆಳಕೂ ಹೋಗುತ್ತದೆ.

ಟ್ರೈಪಾಡ್. ಹಗುರವಾದದ್ದು ಇದೆ ಎಂದಿರಿ. ಪರೀಕ್ಷೆ ಸುಲಭ: ಕ್ಯಾಮೆರಾ ಕೂರಿಸಿ, ಲೈವ್ ವ್ಯೂನಲ್ಲಿ ದೂರದ ದೀಪವೊಂದನ್ನು ಪೂರ್ತಿ ದೊಡ್ಡದು ಮಾಡಿ, ಕಾಲನ್ನು ಬೆರಳಿಂದ ತಟ್ಟಿ. ದೀಪ ಒಂದು ಸೆಕೆಂಡಿನಲ್ಲಿ ನಿಂತರೆ ಪರವಾಗಿಲ್ಲ, ನಾಲ್ಕೈದು ಸೆಕೆಂಡು ಕುಣಿಯುತ್ತಿದ್ದರೆ ಬದಲಾಯಿಸಿ. ಹೊಸದು ಕೊಳ್ಳುವಾಗ ಗರಿಷ್ಠ ಎತ್ತರ ನೋಡಬೇಡಿ, ನಡುವಿನ ಕಂಬ ಎತ್ತದೆ ಎಷ್ಟು ಎತ್ತರ ಬರುತ್ತದೆ ಎಂದು ನೋಡಿ. ಆ ಕಂಬ ಎತ್ತಿದರೆ ಮೂರು ಕಾಲಿನ ಟ್ರೈಪಾಡ್ ಒಂಟಿ ಕಾಲಿನದಾಗುತ್ತದೆ. ಕಾಲಿನ ಕೊನೆಯ ತುಂಡು ಪೆನ್ಸಿಲ್‌ನಷ್ಟು ಸಪೂರ ಇರಬಾರದು. ಕ್ಯಾಮೆರಾ ಹಿಡಿಯುವ ಬಾಲ್ ಹೆಡ್ ಬಿಗಿ ಮಾಡಿದ ಮೇಲೂ ಮೆಲ್ಲಗೆ ಜಾರುತ್ತದೆಯೇ ಎನ್ನುವುದನ್ನು ಅಂಗಡಿಯಲ್ಲೇ ಕ್ಯಾಮೆರಾ ಕೂರಿಸಿ ಮೇಲಕ್ಕೆ ತಿರುಗಿಸಿ ನೋಡಿ, ಆಕಾಶಕ್ಕೆ ಮುಖ ಮಾಡಿದ ಕ್ಯಾಮೆರಾ ಅದಕ್ಕೆ ಕೊಡುವ ಕಷ್ಟವೇ ಬೇರೆ. ಗಾಳಿಗೆಂದು ನಡುವೆ ಚೀಲ ನೇತು ಹಾಕುವವರು ಅದರ ತಳ ನೆಲಕ್ಕೆ ತಾಗುವಂತೆ ಇಡಿ. ಇಲ್ಲದಿದ್ದರೆ ಅದು ಉಯ್ಯಾಲೆಯಾಗಿ ಟ್ರೈಪಾಡನ್ನೇ ಅಲುಗಾಡಿಸುತ್ತದೆ. ಲೆನ್ಸ್ ಅಥವಾ ಬಾಡಿಯಲ್ಲಿ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ವ್ಯವಸ್ಥೆ) ಇದ್ದರೆ ಆಫ್ ಮಾಡಿ.

ಒಳ್ಳೆಯ ಟ್ರೈಪಾಡ್ ಬೇಕು ಎನ್ನಲು ಇನ್ನೊಂದು ಕಾರಣ ಇದೆ. ಆಕಾಶ ಚೆನ್ನಾಗಿ ಬಂದ ಫೋಟೊದಲ್ಲಿ ನೆಲ ಸಾಮಾನ್ಯವಾಗಿ ಕರಿ ಮಸಿ. ಅದಕ್ಕೆ ಸೂರ್ಯ ಮುಳುಗಿ ಅರ್ಧ ಮುಕ್ಕಾಲು ಗಂಟೆಗೆ, ಇನ್ನೂ ನೀಲಿ ಬೆಳಕಿರುವಾಗಲೇ ನೆಲವನ್ನು ಕಡಿಮೆ ಐಎಸ್‌ಒನಲ್ಲಿ ತೆಗೆದಿಟ್ಟುಕೊಂಡು, ಟ್ರೈಪಾಡನ್ನು ಕೂದಲೆಳೆಯಷ್ಟೂ ಕದಲಿಸದೆ ಕಾದು, ಸೂರ್ಯ ದಿಗಂತಕ್ಕಿಂತ 18 ಡಿಗ್ರಿ ಕೆಳಗಿಳಿದು ಪೂರ್ತಿ ಕತ್ತಲಾದ ಮೇಲೆ ಆಕಾಶ ತೆಗೆದು ಎರಡನ್ನೂ ಸೇರಿಸುವುದು ರೂಢಿ. ಇದು ಮೋಸ ಎನ್ನುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಜಾಗವೂ ಅದೇ, ರಾತ್ರಿಯೂ ಅದೇ. ಬೇರೆ ಊರಿನ ಆಕಾಶ ತಂದು ಅಂಟಿಸಿದರೆ ಅದು ಬೇರೆ ಮಾತು.

ಟ್ರ್ಯಾಕರ್ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. ಭೂಮಿ ತಿರುಗುವ ವೇಗಕ್ಕೆ ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುವ ಯಂತ್ರ ಅದು. ಬರೀ ಲೆಕ್ಕ ನೋಡಿದರೆ ಅದೇ ಗೆಲ್ಲುತ್ತದೆ. ನಿಮ್ಮ ಕಿಟ್ ಲೆನ್ಸ್‌ನಲ್ಲೇ 13 ಸೆಕೆಂಡಿನ ಬದಲು 2 ನಿಮಿಷ ತೆರೆದಿಡಬಹುದು, ಅಂದರೆ ಒಂಬತ್ತು ಪಟ್ಟು ಬೆಳಕು. ಹಾಗಿದ್ದೂ ಮೊದಲು ಬೇಡ ಎನ್ನುತ್ತೇನೆ. ಆಕಾಶ ನಿಂತರೆ ನೆಲ ಓಡುತ್ತದೆ. ನಿಮಗೆ ಬೆಟ್ಟವೂ ಬೇಕು. ಹಾಗಾಗಿ ನೆಲಕ್ಕೆ ಬೇರೆ ಫ್ರೇಮ್ ತೆಗೆದು, ಬೆಟ್ಟದ ಅಂಚಿನಲ್ಲಿ ಒಂದು ಫ್ರೇಮಿನ ಆಕಾಶಕ್ಕೂ ಇನ್ನೊಂದರ ನೆಲಕ್ಕೂ ಹೊಲಿಗೆ ಹಾಕುತ್ತಾ ಕೂರಬೇಕು, ಅಂಚಿನಲ್ಲಿ ಮರಗಳಿದ್ದರಂತೂ ದೇವರೇ ಗತಿ. ಪ್ರತಿ ಸಲ ಧ್ರುವಕ್ಕೆ ಗುರಿ ಕಟ್ಟುವ ಕೆಲಸ ಬೇರೆ. ಉತ್ತರಾರ್ಧಗೋಳದವರಿಗೆ ಧ್ರುವ ನಕ್ಷತ್ರ ಇದೆ, ಅದೂ ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ದೂರ. ದಕ್ಷಿಣದವರಿಗೆ ಅಂಥ ಹೊಳೆಯುವ ಗುರುತೂ ಇಲ್ಲ. ಸ್ಟ್ಯಾಕಿಂಗ್‌ನಿಂದ ಇದರ ಬಹುಪಾಲು ಲಾಭ ಬಿಟ್ಟಿ ಸಿಗುತ್ತದೆ. ಮುಂದೆ ಯಾವತ್ತಾದರೂ 135 ಮಿ.ಮೀ. ಲೆನ್ಸ್ ಹಾಕಿ ನೀಹಾರಿಕೆಗಳ ಹಿಂದೆ ಬಿದ್ದರೆ ಟ್ರ್ಯಾಕರ್ ಇಲ್ಲದೆ ವಿಧಿಯಿಲ್ಲ, ಅಲ್ಲಿ ನಿಮಗೆ ಸಿಗುವುದು ಒಂದೂವರೆ ಸೆಕೆಂಡು.

ನೀಹಾರಿಕೆ ಎಂದ ಕೂಡಲೇ ಯಾರಾದರೂ ಸೆನ್ಸರ್ ಮುಂದಿನ ಫಿಲ್ಟರ್ ತೆಗೆಸಿ ಎಂದು ಹೇಳಬಹುದು. ಹೈಡ್ರೋಜನ್ ಸೂಸುವ 656.3 ನ್ಯಾನೊಮೀಟರ್ ಕೆಂಪನ್ನು ಮಾಮೂಲಿ ಕ್ಯಾಮೆರಾಗಳು ಬಹಳಷ್ಟು ತಡೆಯುತ್ತವೆ ಎನ್ನುವುದು ನಿಜ. ನಿಕಾನ್ 2015ರಲ್ಲಿ ಡಿ810ಎ, ಕ್ಯಾನನ್ 2019ರಲ್ಲಿ ಇಒಎಸ್ ಆರ್‌ಎ ತಂದದ್ದು ಇದಕ್ಕೇ. ಆದರೆ ಹಾಗೆ ಮಾರ್ಪಡಿಸಿದ ಕ್ಯಾಮೆರಾದಲ್ಲಿ ಹಗಲಿನ ಫೋಟೊ ಕೆಂಪಡರುತ್ತದೆ. ಹಗಲೂ ಬೇಕೆನ್ನುವ ನೀವು ಅತ್ತ ಹೋಗಬೇಡಿ.

ಚಿಲ್ಲರೆ ಸಾಮಾನುಗಳಲ್ಲಿ ಒಂದೇ ಒಂದು ಆರಿಸು ಎಂದರೆ ನಾನು ಡ್ಯೂ ಹೀಟರ್ ಎನ್ನುತ್ತೇನೆ. ಲೆನ್ಸ್ ಸುತ್ತ ಕಟ್ಟುವ ಪಟ್ಟಿ, ಪವರ್ ಬ್ಯಾಂಕ್‌ನಿಂದ ನಡೆಯುತ್ತದೆ. ಒಮ್ಮೆ ಹೊಳೆ ದಂಡೆಯಲ್ಲಿ ಎರಡು ಗಂಟೆ ಟೈಮ್‌ಲ್ಯಾಪ್ಸ್‌ಗೆ ಬಿಟ್ಟು ನಾನು ಹಾಯಾಗಿ ಮಲಗಿದ್ದೆ. ಎದ್ದು ನೋಡಿದರೆ ಮೊದಲ ಇಪ್ಪತ್ತು ನಿಮಿಷ ನಕ್ಷತ್ರ, ಮಿಕ್ಕಿದ್ದೆಲ್ಲ ಮಂಜು. ಆಕಾಶದಲ್ಲಿ ಮಂಜಿರಲಿಲ್ಲ, ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಆಮೇಲೆ ಒಂದು ಹೆಚ್ಚುವರಿ ಬ್ಯಾಟರಿ, ಕೆಂಪು ಬೆಳಕಿನ ತಲೆದೀಪ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು, ಬಿಳಿ ಟಾರ್ಚ್ ಒಂದು ಕ್ಷಣದಲ್ಲಿ ಅದನ್ನು ಹಾಳು ಮಾಡುತ್ತದೆ, ಪಕ್ಕದವರ ಫ್ರೇಮನ್ನೂ. ತಾನೇ ಒಂದರ ಹಿಂದೆ ಒಂದು ಫೋಟೊ ತೆಗೆಯುವ ಇಂಟರ್ವಲ್ ಟೈಮರ್ ನಿಮ್ಮ ಕ್ಯಾಮೆರಾದ ಮೆನುವಿನಲ್ಲೇ ಇರಬಹುದು, ಹುಡುಕಿ ನೋಡಿ.

ನಿಮ್ಮ ಆಕಾಶ ಎಷ್ಟು ಕತ್ತಲು ಎಂದು ನೀವು ಬರೆದಿಲ್ಲ. ಅಮೆರಿಕದ ಹವ್ಯಾಸಿ ಖಗೋಳ ವೀಕ್ಷಕ ಜಾನ್ ಬಾರ್ಟಲ್ 2001ರಲ್ಲಿ ಆಕಾಶದ ಕತ್ತಲನ್ನು ಒಂಬತ್ತು ದರ್ಜೆ ಮಾಡಿ ಕೊಟ್ಟರು, 1 ಅಂದರೆ ಅಪ್ಪಟ ಕತ್ತಲು, 9 ಅಂದರೆ ನಗರದ ನಡುಮಧ್ಯ. 7ನೇ ದರ್ಜೆಯ ಆಕಾಶದಡಿ ಎಫ್ 1.4 ಹಾಕಿದರೆ ಬೀದಿದೀಪದ ಬೆಳಕೇ ಬೇಗ ಬೇಗ ತುಂಬಿಕೊಳ್ಳುತ್ತದೆ. ಲೆನ್ಸ್ ಕೊಳ್ಳುವ ದುಡ್ಡಿನಲ್ಲಿ ಸ್ವಲ್ಪವನ್ನು ಅಮಾವಾಸ್ಯೆಯ ಆಸುಪಾಸಿನಲ್ಲಿ ದರ್ಜೆಯ ಸಂಖ್ಯೆ 4ಕ್ಕಿಂತ ಕಡಿಮೆ ಇರುವ ಜಾಗಕ್ಕೆ ಹೋಗಿ ಬರಲು ತೆಗೆದಿಡಿ.

ಹೀಗಾಗಿ ನಿಮ್ಮ ಸಾಲು ಇದು: ಈ ಅಮಾವಾಸ್ಯೆಗೆ ಇರುವ ಸೆಟ್‌ನಲ್ಲೇ ಹದಿನಾರು ಫ್ರೇಮ್ ಸ್ಟ್ಯಾಕ್. ಟ್ರೈಪಾಡ್ ತಟ್ಟುವ ಪರೀಕ್ಷೆಯಲ್ಲಿ ಸೋತರೆ ಅದು ಮೊದಲು. ಆಮೇಲೆ 16 ಮಿ.ಮೀ. ಎಫ್ 1.4 ಥರದ್ದೊಂದು ಲೆನ್ಸ್. ಒಂದೆರಡು ವರ್ಷ ಅದರಲ್ಲಿ ದುಡಿದ ಮೇಲೂ ಕೊರತೆ ಕಾಣಿಸಿದರೆ ಫುಲ್‌ಫ್ರೇಮ್ ಬಾಡಿ. ಆಗಲೂ 45 ಮೆಗಾಪಿಕ್ಸೆಲ್ ಬೇಡ, 24 ಸಾಕು. ಎಪಿಎಸ್-ಸಿ ಲೆನ್ಸ್ ಅಲ್ಲಿ ಪೂರ್ತಿ ಸೆನ್ಸರ್ ತುಂಬುವುದಿಲ್ಲ ಎನ್ನುವುದು ನೆನಪಿರಲಿ, ಆಗ ಇದನ್ನು ಮಾರಿ 20 ಮಿ.ಮೀ. ಎಫ್ 1.8 ತೆಗೆದುಕೊಳ್ಳಬೇಕಾಗುತ್ತದೆ. ನಿಕಾನ್ ಝಡ್, ಸೋನಿ ಎರಡರಲ್ಲೂ ಇದೆ, ಎರಡಕ್ಕೂ ಮಾಮೂಲಿ ಫಿಲ್ಟರ್ ಕೂರುತ್ತದೆ. ಹಗಲು ರಾತ್ರಿ ಎರಡಕ್ಕೂ ಒಂದೇ ಲೆನ್ಸ್ ಎನ್ನುವ ನಿಮ್ಮ ಆಸೆಗೆ ಹತ್ತಿರದ್ದು ಅದೇ.

ಲೆನ್ಸ್ ಕೈಗೆ ಬಂದ ವಾರದಲ್ಲೇ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ, ನಕ್ಷತ್ರಗಳನ್ನು ಮಧ್ಯದಲ್ಲಿ ಫೋಕಸ್ ಮಾಡಿ ಪೂರ್ತಿ ತೆರೆದು ಒಂದು ಫ್ರೇಮ್ ತೆಗೆಯಿರಿ. ನಾಲ್ಕೂ ಮೂಲೆ ಹೋಲಿಸಿ. ನಾಲ್ಕರಲ್ಲೂ ಒಂದೇ ಥರದ ಸಣ್ಣ ರೆಕ್ಕೆ ಇದ್ದರೆ ಅದು ಆ ಲೆನ್ಸ್‌ನ ಸ್ವಭಾವ, ಬಿಟ್ಟುಬಿಡಿ. ಮೂರು ಚೆನ್ನಾಗಿದ್ದು ಒಂದು ಮೂಲೆ ಮಾತ್ರ ಕಲಸಿದಂತಿದ್ದರೆ ಒಳಗಿನ ಗಾಜು ಓರೆಯಾಗಿದೆ ಎಂದರ್ಥ. ನಾನು ಸೆಕೆಂಡ್ ಹ್ಯಾಂಡ್ ಲೆನ್ಸ್ ಒಂದನ್ನು ಹಗಲಿನ ಫೋಟೊ ನೋಡಿ ಒಪ್ಪಿಕೊಂಡು, ಎಡಗಡೆ ಮೇಲಿನ ಮೂಲೆ ಹೀಗಿದೆ ಎಂದು ಮೂರು ತಿಂಗಳಾದ ಮೇಲೆ ಕಂಡುಕೊಂಡೆ. ಅದು ಇನ್ನೂ ನನ್ನ ಹತ್ತಿರವೇ ಇದೆ, ಫೋಟೊ ತೆಗೆಯುವಾಗ ಆ ಮೂಲೆಗೆ ಯಾವಾಗಲೂ ಒಂದು ಮರ ಬರುವ ಹಾಗೆ ನಿಂತುಕೊಳ್ಳುತ್ತೇನೆ.